ಆ ಮೂರನೇ ರೂಲು ನಂಗೆ ಬೇಡ

[ಅನು ಫಾರ್ವರ್ಡ್ ಮಾಡಿದ ಚಿತ್ರ: ಅಮೆರಿಕದ ವೈಜ್ಞಾನಿಕ ಕಥೆಗಾರ ರಾಬರ್ಟ್ ಹೈನ್‌ಲೈನ್ ಬರಹಗಾರರಿಗೆ ಹೇಳಿದ ಐದು ನಿಯಮ. 1. ಬರೀಬೇಕು. 2. ಶುರು ಮಾಡಿದ್ದನ್ನ ಮುಗಿಸಬೇಕು. 3. ಸಂಪಾದಕರು ಕೇಳಿದ ಹೊರತು ತಿದ್ದಿ ಬರೀಬಾರದು. 4. ಬರೆದದ್ದನ್ನ ಮಾರಾಟಕ್ಕೆ ಕಳಿಸಬೇಕು. 5. ಮಾರಾಟ ಆಗೋ ತನಕ ಕಳಿಸ್ತಾನೇ ಇರಬೇಕು.]

ಅನು: ದೀಪಾವಳಿ ಕಥಾಸ್ಪರ್ಧೆಗೆ ಈ ಸಲ ಕಳಿಸೇ ಕಳಿಸ್ತೀನಿ. ಇನ್ಮೇಲೆ ಇದೇ ನನ್ನ ಭಗವದ್ಗೀತೆ 🙏

ಗಿರಿ ಚಿಕ್ಕಪ್ಪ: ಯಾರಮ್ಮ ಈ ಪುಣ್ಯಾತ್ಮ? ಕಥೆ ಬರಿಯೋದಂದ್ರೆ ಜಿಎಸ್‌ಟಿ ರಿಟರ್ನ್ ಫೈಲ್ ಮಾಡೋದಾ? ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್‌ಡಿ ಮಾಡ್ತಿದ್ದಾಗ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ ಸಿನಿಮಾ ನೋಡಿ ಬಂದು ತಾನೆ ಸಂಸ್ಕಾರ ಬರೆದದ್ದು, ಆ ಸಿನಿಮಾಗೆ ಸಬ್‌ಟೈಟಲ್ ಕೂಡ ಇರ್ಲಿಲ್ಲ. ಯಾವ ರೂಲ್ ನೋಡ್ಕೊಂಡು ಬರೆದ್ರು ಅವ್ರು? ಒಳಗಿಂದ ಬರ್ಬೇಕು.

ಚಿನ್ನು ಟೊರಾಂಟೊ: ಮಾವ, ನೋಡಿ ಬಂದ್ಮೇಲೆ ಕೂತು ಬರೆದ್ರಲ್ಲ, ಮುಗಿಸಿದ್ರಲ್ಲ? 1 ಮತ್ತೆ 2 ಆಯ್ತು. ನಿಮ್ಮ ಕಾದಂಬರಿ ನಾನು ಪಿಯುಸಿಲಿದ್ದಾಗಿಂದ ಒಳಗಿಂದ ಬರ್ತಾನೇ ಇದೆ 😀

ಗಿರಿ ಚಿಕ್ಕಪ್ಪ: ಅದು ಮೂರು ತಲೆಮಾರಿನ ಕಥೆ ಕಣೋ, ಸುಮ್ನೆ ಆಗಲ್ಲ. ಹೋದ ತಿಂಗಳು ಇಂಥದ್ದೇ ಇನ್ನೊಂದು ಬಂದಿತ್ತು, ಹವಾಮಾನದಿಂದ ಕಥೆ ಶುರು ಮಾಡ್ಬಾರ್ದಂತೆ. ಹಾಗಾದ್ರೆ ಆಗುಂಬೆಯೋರು ಕಥೆ ಬರೆಯೋ ಹಾಗೇ ಇಲ್ವಾ?

ಚಿನ್ನು ಟೊರಾಂಟೊ: ಅದು ಅಮೆರಿಕದ ಕ್ರೈಮ್ ಕಾದಂಬರಿಕಾರ ಎಲ್ಮೋರ್ ಲೆನರ್ಡ್ದು. ಅದು ಬರಹ ಹೇಗಿರ್ಬೇಕು ಅನ್ನೋ ವಿಷ್ಯ, ಇದು ಬರಿಯೋ ಕೆಲ್ಸ ಹೇಗೆ ಮಾಡ್ಬೇಕು ಅನ್ನೋದು. ಎರಡನ್ನೂ ಕಲಸ್ಬೇಡಿ. ಹೈನ್‌ಲೈನ್ ಇದನ್ನ 1947ರಲ್ಲಿ ಒಂದು ಲೇಖನದ ಕೊನೇಲಿ ಬರೆದದ್ದು, ಉಪದೇಶಕ್ಕಲ್ಲ, ಬರವಣಿಗೆಯಿಂದಲೇ ಬದುಕ್ತಿದ್ದೋನು. 1939ರಲ್ಲಿ ಮೊದಲ ಕಥೆಗೆ 70 ಡಾಲರ್ ಬಂದಿತ್ತು, ಆಗಿನ ಅಗ್ಗದ ಪತ್ರಿಕೆಗಳಲ್ಲಿ ಪದಕ್ಕೆ ಒಂದು ಸೆಂಟ್ ರೇಟು.

ಶಾಂತತ್ತೆ: ಪದಕ್ಕೆ ಇಷ್ಟು ಅಂತ ದುಡ್ಡು ಬಂದ್ರೆ ನಾನೂ ತಿದ್ದಲ್ಲ ಬಿಡು. ತಿದ್ದಿದ್ರೆ ಪದ ಕಮ್ಮಿ ಆಗತ್ತೆ.

ಅನು: ಅತ್ತೆ 😂😂

ಶಾಂತತ್ತೆ: ನಗ್ಬೇಡ, ಪೂರ್ತಿ ಹೇಳ್ತೀನಿ ಕೇಳು. 1, 2, 4, 5ಕ್ಕೆ ನನ್ನ ತಕರಾರಿಲ್ಲ, ನಾವೂ ಅದನ್ನೇ ಮಾಡಿದ್ದು, ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು ಸ್ವವಿಳಾಸದ ಲಕೋಟೆಗೆ ಸ್ಟಾಂಪ್ ಹಚ್ಚಿ ಜೊತೆಗಿಟ್ಟು ಕಳಿಸೋದು, ವಿಷಾದಪತ್ರದ ಸಮೇತ ವಾಪಸ್ ಬಂದ್ರೆ ಇನ್ನೊಂದು ವಾರಪತ್ರಿಕೆಗೆ ಅದನ್ನೇ ಕಳಿಸೋದು. ಆ ಮೂರನೇ ರೂಲು ನಂಗೆ ಬೇಡ. ಸಂಪಾದಕರು ಹೇಳಿದ್ರೆ ಮಾತ್ರ ತಿದ್ದು ಅಂತಾನಲ್ಲ, ಹೇಳೋ ಸಂಪಾದಕ ಎಲ್ಲಿದ್ದಾನೆ ಈಗ? ಈಮೇಲ್ ಮಾಡಿದ್ರೆ ತಲುಪಿದೆ ಅಂತ್ಲೂ ಬರಲ್ಲ. ಸ್ಪರ್ಧೆಲಂತೂ ಗೆದ್ರೆ ಅಚ್ಚು, ಸೋತ್ರೆ ಮೌನ, ಮಧ್ಯದ ಪುಟ ಸಡಿಲ ಆಗಿದೆಯಮ್ಮ ಅಂತ ಯಾರೂ ಹೇಳಲ್ಲ. ಅವನ ಕಾಲದಲ್ಲಿ ಹೇಳೋರು ಇದ್ರು, ಅದಕ್ಕೆ ಅವನು ಹಾಗೆ ಬರೆದ.

ನಾನು: ಅತ್ತೆ ಹೇಳಿದ್ದು ಸರಿ ಇದೆ. ಇದೇ ಹೈನ್‌ಲೈನ್ 1961ರಲ್ಲಿ ಬಂದ ಕಾದಂಬರಿನ ಪ್ರಕಾಶಕರು ಹೇಳಿದ್ದಕ್ಕೆ ಸುಮಾರು 2,20,000 ಪದದಿಂದ 1,60,000ಕ್ಕೆ ಇಳಿಸಿದ.

ಶಾಂತತ್ತೆ: ನೋಡಿದ್ಯಾ! 60 ಸಾವಿರ ಪದ ತೆಗಿ ಅನ್ನೋಕೆ ಒಬ್ರಿದ್ರು ಅವನಿಗೆ.

ಚಿನ್ನು ಟೊರಾಂಟೊ: ಅಮ್ಮ, ಆದ್ರೂ ಅದು ರೂಲ್ ಪ್ರಕಾರವೇ ಆಯ್ತಲ್ಲ, ಕೇಳಿದ್ಮೇಲೆ ತಿದ್ದಿದ. ಮೂರನೇದು ಇರೋದೇ ಮೊದಲ ಪ್ಯಾರಾನೇ ನಲವತ್ತು ಸಲ ತಿದ್ಕೊಂಡು ಕೂರೋರಿಗೆ. (ಯಾರಿಗೂ ಹೇಳ್ತಿಲ್ಲ ಮಾವ.) ಶಿಸ್ತು ಬೇಕು. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಟ್ರೊಲೊಪ್ ನೋಡಿ, ಅಂಚೆ ಇಲಾಖೆ ಕೆಲಸದಲ್ಲಿದ್ಕೊಂಡೇ ಬೆಳಗ್ಗೆ ಐದೂವರೆಗೆ ಕೂತು, ಮುಂದೆ ವಾಚ್ ಇಟ್ಕೊಂಡು ಕಾಲು ಗಂಟೆಗೆ 250 ಪದ ಬರೀತಿದ್ದ, ಒಟ್ಟು 47 ಕಾದಂಬರಿ!

ಶಾಂತತ್ತೆ: ಅವನ ಆತ್ಮಕಥೆ ನಾನೂ ಓದಿದೀನಪ್ಪ. ಬರಿಯೋಕೆ ಮುಂಚೆ ಅರ್ಧ ಗಂಟೆ ಹಿಂದಿನ ದಿನದ್ದು ಓದ್ತಿದ್ದ, ಅದನ್ಯಾಕೆ ಬಿಟ್ಟೆ? ಇನ್ನೊಂದೂ ಇದೆ ಅದ್ರಲ್ಲಿ, ಬೆಳಗ್ಗೆ ಎಬ್ಬಿಸಿ ಕಾಫಿ ತಂದ್ಕೊಡೋಕೆ ಒಬ್ಬ ಆಳಿದ್ದ, ಅದಕ್ಕೆ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಕೊಡ್ತಿದ್ದ. ಈ ಮನೇಲಿ ಐದೂವರೆಗೆ ಎದ್ದು ಎಲ್ರಿಗೂ ಕಾಫಿ ಕೊಡ್ತಿದ್ದ ಆಳು ನಾನೇ. ನಿನ್ನ ಸ್ಕೂಲ್ ವ್ಯಾನ್ ಹೋದ್ಮೇಲೆ, ನಿಮ್ಮಪ್ಪ ಆಫೀಸಿಗೆ ಹೊರಟ್ಮೇಲೆ, ಅತ್ತೆಯವರು ಪೂಜೆಗೆ ಕೂತಾಗ ಸಿಕ್ಕಿದ ಅರ್ಧ ಗಂಟೇಲಿ ಬರೆದದ್ದು. ಅಷ್ಟರಲ್ಲಿ ಸರಿಯಾಗಿ ಬಂದಿರ್ತಿರ್ಲಿಲ್ಲ, ಹಾಗಾಗಿ ತಿದ್ತಿದ್ದೆ, ಸಾರಿಗೆ ಒಗ್ಗರಣೆ ಹಾಕ್ತಾ ತಲೇಲೇ ತಿದ್ತಿದ್ದೆ. ಟಾಲ್‌ಸ್ಟಾಯ್ ತಿದ್ದಿ ತಿದ್ದಿ ಬರೆದ ಅಂತ ಹೊಗಳ್ತಾರೆ, ಪ್ರತಿ ಸಲ ಚೊಕ್ಕ ಮಾಡಿ ನಕಲು ಮಾಡಿದ್ದು ಅವನ ಹೆಂಡತಿ ಸೋಫಿಯಾ. ಯಾವ ರೂಲ್ ಕೊಟ್ರೂ ಅದರ ಹಿಂದೆ ಮನೇಲಿ ಯಾರಿದ್ರು ಅಂತ ಮೊದ್ಲು ಕೇಳ್ಬೇಕು.

ಗಿರಿ ಚಿಕ್ಕಪ್ಪ: ಅಕ್ಕ 👏👏 ಅದನ್ನೇ ನಾನೂ ಹೇಳಿದ್ದು, ರೂಲ್ ಬೇಡ

ಶಾಂತತ್ತೆ: ನೀನು ಹೇಳಿದ್ದು ಅದಲ್ಲ ಗಿರಿ. ನಿಂಗೆ ಪೆನ್ಶನ್ ಬರತ್ತೆ, ಕಾಫಿ ಟೇಬಲ್ಲಿಗೇ ಬರತ್ತೆ, ನಿಂಗೆ ಎರಡನೇ ರೂಲು ಬೇಕೇ ಬೇಕು. ತ್ರಿವೇಣಿ 1963ರಲ್ಲಿ ಹೋದಾಗ 35 ಕೂಡ ತುಂಬಿರ್ಲಿಲ್ಲ, ಅಷ್ಟರಲ್ಲಿ ಸುಮಾರು ಇಪ್ಪತ್ತು ಕಾದಂಬರಿ ಬರೆದಿದ್ರು.

[ಗಿರಿ ಚಿಕ್ಕಪ್ಪ ಈ ಸಂದೇಶವನ್ನು ಅಳಿಸಿದ್ದಾರೆ]

ಚಿನ್ನು ಟೊರಾಂಟೊ: ಆದ್ರೆ ಅಮ್ಮ, ಅನು ಈಗ ಏನು ಮಾಡ್ಬೇಕು? ತಿದ್ಕೊಂಡು ಕೂತ್ರೆ ಕೊನೇ ದಿನಾಂಕ ಹೋಗತ್ತೆ. ನಾನಾದ್ರೆ ಇವತ್ತೇ ಕಳಿಸ್ತಿದ್ದೆ.

ಅನು: ನಂಗೂ ಹಾಗೇ ಅನ್ಸತ್ತೆ. ಕಥೆ ಮುಗ್ದಿದೆ. ಅತ್ತೆ, ನಿಮಗೆ ಪಿಡಿಎಫ್ ಕಳಿಸ್ಲಾ? ಬರೀ ಕಾಗುಣಿತ ನೋಡಿ ಸಾಕು.

ಶಾಂತತ್ತೆ: ಬರೀ ಕಾಗುಣಿತ ನೋಡೋಕೆ ನಂಗೆ ಬರಲ್ಲ. ಕಳಿಸೋದಾದ್ರೆ ಪೂರ್ತಿ ನೋಡ್ತೀನಿ, ಆಮೇಲೆ ಅತ್ರೆ ನಾನು ಜವಾಬ್ದಾರಿ ಅಲ್ಲ. ಪಿಡಿಎಫ್ ಬೇಡ, ವರ್ಡ್ ಫೈಲ್ ಕಳ್ಸು.