ಮರು: ತುರ್ತಾಗಿ ಬೇಕು: ‘ಮಿನಿಮಲಿ ಇನ್ವೇಸಿವ್’ಗೆ ಕನ್ನಡ ಪದ

> ಕಿಡ್ನಿ ಕಸಿ ಆದವರಿಗೆ ಕೊಡುವ ಕೈಪಿಡಿ ನಾಳೆ ಅಚ್ಚಿಗೆ ಹೋಗಬೇಕು. ಕಸಿಯ ನಂತರದ ಮೂತ್ರದ ತೊಂದರೆಗಳ ಪುಟದಲ್ಲಿ ‘ಕನಿಷ್ಠ ಆಕ್ರಮಣಕಾರಿ ಚಿಕಿತ್ಸೆ’ ಅಂತ ಹಾಕಿದ್ದೇನೆ. ನಡೆಯುತ್ತದೆಯೇ?

ನಡೆಯಲ್ಲ. ‘ಮಿನಿಮಲಿ ಇನ್ವೇಸಿವ್’ ಅಂದರೆ ದೊಡ್ಡದಾಗಿ ಕೊಯ್ಯದೆ ಮಾಡುವುದು. ಆಕ್ರಮಣ ಅಂದರೆ ದಂಡೆತ್ತಿ ಬರುವುದು. ಒಂದು ದೊಡ್ಡ ಆಪರೇಷನ್ ಮುಗಿಸಿ ಹೆದರಿ ಕೂತವರ ಕೈಗೆ ಈ ಮಾತು ಕೊಡಬೇಡಿ.

ಮೇಲೆ ಒಬ್ಬರು ‘ಸಣ್ಣ ತೂತಿನ ಚಿಕಿತ್ಸೆ’ ಎಂದಿದ್ದಾರೆ. ಅರ್ಧ ಸರಿ. ಕಸಿ ಮಾಡಿದ ಕಿಡ್ನಿ ಕೆಳಹೊಟ್ಟೆಯಲ್ಲಿ, ಚರ್ಮಕ್ಕೆ ಹತ್ತಿರವೇ ಇರುತ್ತದೆ. ಮೂತ್ರ ಕಟ್ಟಿಕೊಂಡರೆ ಸ್ಕ್ಯಾನ್ ನೋಡುತ್ತಾ ಮುಂದಿನಿಂದಲೇ ಸೂಜಿ ಹಾಕಿ, ಕೊಳವೆ ಇಟ್ಟು, ಮೂತ್ರವನ್ನು ಹೊರಗಿನ ಚೀಲಕ್ಕೆ ಬಿಡುತ್ತಾರೆ. ಅದೇ ದಾರಿಯಲ್ಲಿ ಬಲೂನು ತೂರಿಸಿ ಇಕ್ಕಟ್ಟಾದ ಜಾಗವನ್ನು ಹಿಗ್ಗಿಸುವುದೂ ಉಂಟು. ಇಲ್ಲಿ ತೂತು ಇದೆ. ಆದರೆ ಸ್ಟೆಂಟ್ (ಮೂತ್ರ ಸರಾಗವಾಗಿ ಇಳಿಯಲು ನಾಳದೊಳಗೆ ಇಟ್ಟಿರುವ ಸಣ್ಣ ಕೊಳವೆ) ತೆಗೆಯುವುದು ಸಾಮಾನ್ಯವಾಗಿ ಮೂತ್ರ ಬರುವ ದಾರಿಯಿಂದಲೇ. ಅಲ್ಲಿ ಯಾವ ತೂತೂ ಇಲ್ಲ. ‘ಹೊಟ್ಟೆ ಕೊಯ್ಯದೆ ಮಾಡುವ ಚಿಕಿತ್ಸೆ’ ಅನ್ನಿ. ಎರಡಕ್ಕೂ ಒಪ್ಪುತ್ತದೆ. ಒಂದೇ ಪದ ಆಗಲೇಬೇಕು ಅಂತ ಏನಿಲ್ಲವಲ್ಲ.

ಇದಕ್ಕಿಂತ ದೊಡ್ಡ ತಪ್ಪು ‘ಮೂತ್ರನಾಳ’ದಲ್ಲಿದೆ. ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವುದಕ್ಕೂ, ಅಲ್ಲಿಂದ ಹೊರಗೆ ಹೋಗುವುದಕ್ಕೂ ಅದನ್ನೇ ಬಳಸಿದ್ದೀರಿ. ಕಸಿಯಲ್ಲಿ ಸೋರಿಕೆ, ಇಕ್ಕಟ್ಟು ಎರಡೂ ಜಾಸ್ತಿ ಆಗುವುದು ಮೊದಲನೆಯದರಲ್ಲಿ, ಅದು ಮೂತ್ರಕೋಶಕ್ಕೆ ಸೇರುವ ತುದಿಯ ಹತ್ತಿರ. ಅಲ್ಲಿಗೆ ರಕ್ತ ಕಿಡ್ನಿಯ ಕಡೆಯಿಂದ ಮಾತ್ರ ಬರಬೇಕು. ಅದು ಸಾಲದೆ ಹೋಗುವುದೇ ಮುಖ್ಯ ಕಾರಣ. ಮೊದಲನೆಯದನ್ನು ಮಾತ್ರ ಮೂತ್ರನಾಳ ಅನ್ನಿ. ಎರಡನೆಯದು ‘ಮೂತ್ರ ಹೊರಹೋಗುವ ನಾಳ’. ಉದ್ದ ಆಯಿತು, ಇರಲಿ.

ಈ ಇಕ್ಕಟ್ಟಿಗೆ ನೀವು ಹಾಕಿದ ‘ಸಂಕೋಚನ’ ತೆಗೆಯಿರಿ. ಸಂಕೋಚನ ಆದದ್ದು ಮತ್ತೆ ಸಡಿಲಾಗುತ್ತದೆ, ಹೃದಯದ ಹಾಗೆ. ಇದು ಕಲೆಗಟ್ಟಿ ಬಿಗಿದದ್ದು. ‘ನಾಳ ಇಕ್ಕಟ್ಟಾಗಿದೆ’, ಅಷ್ಟೇ.

ಸ್ಟೆಂಟ್‌ಗೆ ‘ಆನಿಕೆಗೊಳವೆ’ ಬೇಕು ಎಂದವರಿಗೆ: ಬೇಡ. ಇಂಗ್ಲಿಷಿನಲ್ಲೂ ಅದು ಒಂದು ಹೆಸರೇ. 19ನೇ ಶತಮಾನದ ಹಲ್ಲಿನ ವೈದ್ಯ ಚಾರ್ಲ್ಸ್ ಸ್ಟೆಂಟ್ ಹೆಸರು. ಹೆಸರಿಗೆ ಅನುವಾದ ಯಾಕೆ? ಅದಿರಲಿ, ಡಾಕ್ಟರು ಬಾಯಲ್ಲಿ ‘ಸ್ಟೆಂಟ್’ ಅನ್ನುತ್ತಾರೆ. ಕೈಪಿಡಿಯಲ್ಲಿ ಬೇರೆ ಇದ್ದರೆ ಎರಡೂ ಒಂದೇ ಅಂತ ರೋಗಿಗೆ ಹೇಗೆ ಗೊತ್ತಾಗಬೇಕು? ತೆಗೆಸುವುದು ಮರೆತರೆ ಅದರ ಮೇಲೆ ಕಲ್ಲು ಕಟ್ಟುತ್ತದೆ. ನಮ್ಮ ಪದದ ಹಟಕ್ಕೆ ಇನ್ನೊಬ್ಬರ ಕಿಡ್ನಿ ಪಣ ಇಡಬಾರದು. ‘ಮೂತ್ರ’ದ ಬದಲು ‘ಉಚ್ಚೆ’ ಹಾಕಿ ಎಂದವರಿಗೆ: ಅದು ನಮ್ಮದೇ ಮಾತು, ನಿಜ. ಆದರೆ ‘ಮೂತ್ರ’ ಅರ್ಥವಾಗದ ಕನ್ನಡಿಗರನ್ನು ನಾನು ನೋಡಿಲ್ಲ. ಆ ಜಗಳಕ್ಕೆ ಬೇರೆ ಓಲೆ ತೆರೆಯಿರಿ.

ಇನ್ನೊಂದು, ಇದು ಪದದ ಮಾತಲ್ಲ. ‘ನೋವು ಬಂದರೆ ತಕ್ಷಣ ತೋರಿಸಿ’ ಅಂತಷ್ಟೇ ಬರೆದಿದ್ದೀರಿ. ಕಸಿ ಮಾಡುವಾಗ ಕಿಡ್ನಿಯ ನರಗಳು ಕಡಿದಿರುತ್ತವೆ. ಮೂತ್ರ ಕಟ್ಟಿಕೊಂಡರೂ ಎಷ್ಟೋ ಸಲ ನೋವು ಬರುವುದೇ ಇಲ್ಲ. ‘ನೋವು ಇಲ್ಲದಿದ್ದರೂ, ಮೂತ್ರ ಕಡಿಮೆ ಆದರೆ ಅಥವಾ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಏರಿದರೆ’ ಅಂತ ಸೇರಿಸಿ, ನಿಮ್ಮ ಡಾಕ್ಟರಿಗೆ ತೋರಿಸಿಯೇ ಅಚ್ಚಿಗೆ ಕೊಡಿ.