ಯಾರ್ಕ್‌ಷೈರ್ ವಾರ್ಡುಗಳಲ್ಲಿ ಕೇಳಿಬರುವ ಆಡುಮಾತು: ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಮುಂದಿನ ತಿಂಗಳು ನರ್ಸ್ ಆಗಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿರುವ ಲೀಡ್ಸ್‌ಗೆ ಹೋಗುತ್ತಿದ್ದೇನೆ. ಓಇಟಿ (ಆಸ್ಪತ್ರೆ ಕೆಲಸದವರಿಗಾಗಿ ಇರುವ ಇಂಗ್ಲಿಷ್ ಪರೀಕ್ಷೆ) ಪಾಸಾಗಿದೆ. ಆದರೂ ಅಲ್ಲಿನ ರೋಗಿಗಳ ಮಾತು ತಲೆಗೆ ಹತ್ತಲ್ಲ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಮೊದಲು ಏನು ಕಲಿಯಲಿ?

ಬ್ರಾಡ್‌ಫರ್ಡ್‌ನಿಂದ: ತಂಗಿ, ಮೊದಲು ಮೈಗೆ ಸಂಬಂಧಪಟ್ಟ ಮಾತು ಕಲಿ. ವಯಸ್ಸಾದವರು ಸಂಕೋಚಪಟ್ಟು ಸುತ್ತಿಬಳಸಿ ಹೇಳುತ್ತಾರೆ. ‘ಸ್ಪೆಂಡ್ ಎ ಪೆನ್ನಿ’ ಅಂದರೆ ಬಾತ್‌ರೂಮಿಗೆ ಹೋಗಬೇಕು ಅಂತ. ಹಿಂದೆ ಅಲ್ಲಿನ ಸಾರ್ವಜನಿಕ ಶೌಚಾಲಯದ ಬಾಗಿಲು ಒಂದು ಪೆನ್ನಿ ನಾಣ್ಯ ಹಾಕಿದರೇನೇ ತೆರೆಯುತ್ತಿತ್ತು. ‘ವಾಟರ್‌ವರ್ಕ್ಸ್’ ತೊಂದರೆ ಅಂದರೆ ಮೂತ್ರದ ತೊಂದರೆ. ‘ಬಂಗ್ಡ್ ಅಪ್’ ಅನ್ನೋದು ಮಲಬದ್ಧತೆಗೂ ಹೇಳುತ್ತಾರೆ, ಮೂಗು ಕಟ್ಟಿದರೂ ಹೇಳುತ್ತಾರೆ. ಹೊಟ್ಟೆಯಾ, ಮೂಗಾ ಅಂತ ಕೇಳಿಯೇ ಚಾರ್ಟಿನಲ್ಲಿ ಬರೆ. ‘ಪೂರ್ಲಿ’ ಅಂದರೆ ಹುಷಾರಿಲ್ಲ. ಆದರೆ ಡಾಕ್ಟರು ಮನೆಯವರನ್ನು ಕೂರಿಸಿಕೊಂಡು ‘ವೆರಿ ಪೂರ್ಲಿ’ ಅಂದರೆ ಪರಿಸ್ಥಿತಿ ಗಂಭೀರ. ಆಗ ನೀನು ಅವರ ಜೊತೆಯಲ್ಲೇ ಇರು.

ಶೆಫೀಲ್ಡ್‌ನಿಂದ: ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ‘ಔಟ್’ (owt) ಮತ್ತು ‘ನೌಟ್’ (nowt). ಔಟ್ ಅಂದರೆ ಏನಾದರೂ, ನೌಟ್ ಅಂದರೆ ಏನೂ ಇಲ್ಲ. ಎರಡೂ ಹಳೇ ಇಂಗ್ಲಿಷಿನಿಂದ ಉಳಿದುಬಂದವು, ಅಶುದ್ಧ ಭಾಷೆ ಅಂತ ತಿಳಿಯಬೇಡಿ. ಆಪರೇಷನ್‌ಗೆ ಮುಂಚೆ ಏನಾದರೂ ತಿಂದಿದ್ದೀರಾ ಅಂತ ಕೇಳಿದಾಗ ರೋಗಿ ‘ನೌಟ್’ ಅಂದರೆ ಹೊಟ್ಟೆ ಖಾಲಿ ಅಂತ. ಸರಿಯಾಗಿ ಕೇಳಿಸದಿದ್ದರೆ ಮತ್ತೆ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು, ‘ಟೀ’. ಉತ್ತರ ಇಂಗ್ಲೆಂಡಿನಲ್ಲಿ ಎಷ್ಟೋ ಜನಕ್ಕೆ ಟೀ ಅಂದರೆ ಸಂಜೆಯ ಊಟ, ‘ಡಿನ್ನರ್’ ಅಂದರೆ ಮಧ್ಯಾಹ್ನದ್ದು. ಶುಗರ್ ಇರುವವರು ‘ಟೀಗೆ ಮುಂಚೆ ಇನ್ಸುಲಿನ್ ತಗೋತೀನಿ’ ಅಂದರೆ ಬರೀ ಚಹಾ ಅಂದುಕೊಳ್ಳಬೇಡಿ. ಎಷ್ಟು ಗಂಟೆಗೆ ಅಂತ ಕೇಳಿಬಿಡಿ. ಮತ್ತೆ, ಅಜ್ಜಿಯೊಬ್ಬರು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ‘ಐಯಾಮ್ ನಿದರ್ಡ್, ಲವ್’ ಅಂದರೆ ವಿಪರೀತ ಚಳಿ ಅಂತ. ಇನ್ನೊಂದು ಕಂಬಳಿ ತಂದುಕೊಡಿ. ‘ಲವ್’ ಅಂತ ಎಲ್ಲರನ್ನೂ ಕರೆಯುತ್ತಾರೆ, ಮುಜುಗರ ಬೇಡ.

ಲಂಡನ್‌ನಿಂದ: ಕೆಲವು ಮಾತು ನಮ್ಮ ಕಡೆಯಿಂದಲೇ ಹೋಗಿವೆ. ‘ಪಕ್ಕಾ’ ನಮ್ಮ ಪಕ್ಕಾನೇ. ಆರಾಮದ ಕೆಲಸಕ್ಕೆ ‘ಕುಶಿ’ ಅನ್ನುತ್ತಾರೆ, ಅದು ಖುಷಿಯಿಂದ ಬಂದದ್ದು. ‘ಡೂಲಾಲಿ’ ಅಂದರೆ ತಲೆ ಕೆಟ್ಟಿದೆ ಅಂತ. ನಾಸಿಕ್ ಹತ್ತಿರದ ದೇವಲಾಲಿಯಲ್ಲಿ ಬ್ರಿಟಿಷ್ ಸೇನೆಯ ಶಿಬಿರ ಇತ್ತು. ಸೇವೆ ಮುಗಿಸಿದ ಸೈನಿಕರು ಊರಿಗೆ ಹೋಗುವ ಹಡಗಿಗಾಗಿ ಅಲ್ಲಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಬೇಸರ, ಬಿಸಿಲು, ಜ್ವರದಲ್ಲಿ ಮನಸ್ಸು ಕದಡಿದವರಿಗೆ ಆ ಊರಿನ ಹೆಸರೇ ಅಂಟಿಕೊಂಡಿತು. ವಯಸ್ಸಾದ ರೋಗಿ ತನಗೇ ಆ ಮಾತು ಹೇಳಿಕೊಂಡರೆ ನಕ್ಕು ಬಿಡಬೇಡಮ್ಮ, ಮರೆವಿನ ಭಯ ಇರಬಹುದು. ಪಕ್ಕದಲ್ಲಿ ಕೂತು ವಿಚಾರಿಸು.

ಹಲ್‌ನಿಂದ: ‘ಯೂ ಆಲ್‌ರೈಟ್?’ ಅನ್ನೋದು ಬರೀ ನಮಸ್ಕಾರದ ಹಾಗೆ, ಅದನ್ನೇ ತಿರುಗಿ ಹೇಳಿದರೆ ಸಾಕು. ಸುಸ್ತಾದಾಗ ‘ನ್ಯಾಕರ್ಡ್’ ಅನ್ನುತ್ತಾರೆ. ದುಡಿದು ಸವೆದ ಕುದುರೆಗಳನ್ನು ಕೊಂಡು ಕಡಿಯುವವನಿಗೆ ನ್ಯಾಕರ್ ಅಂತ ಹೆಸರು. ಸ್ವಲ್ಪ ಒರಟು ಮಾತು, ಗೆಳತಿಯರ ಜೊತೆ ಇರಲಿ, ಮೇಟ್ರನ್ ಎದುರು ಬೇಡ. ಆಮೇಲೆ ‘ಹಾಫ್ ಸೆವೆನ್’ಗೆ ಡ್ಯೂಟಿ ಅಂದರೆ ಏಳೂವರೆಗೆ, ಆರೂವರೆಗಲ್ಲ.