ಮಾಮೂಲಿ ಸಂಬಳದಲ್ಲಿ ಹಾಟ್ ರಾಡ್ ಕಟ್ಟುವವರು ದುಡ್ಡು ಹೇಗೆ ಹೊಂದಿಸುತ್ತಾರೆ?

ಹಳೇಚಕ್ರ:
ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಹಾಟ್ ರಾಡ್ ಅಂದರೆ ಜೋರಾಗಿ ಓಡಲಿ ಅಂತ ಎಂಜಿನ್, ಬಾಡಿ ಎಲ್ಲ ಬದಲಾಯಿಸಿ ಕಟ್ಟಿದ ಹಳೇ ಕಾರು. 1932ರ ಫೋರ್ಡ್, 1928ರಿಂದ 31ರವರೆಗಿನ ಫೋರ್ಡ್ ಮಾಡೆಲ್ ಎ, ಇಂಥ ಗಾಡಿಗಳೆಂದರೆ ನನಗೆ ಪ್ರಾಣ. ಆದರೆ ರೆಡಿಯಾದ ಹಾಟ್ ರಾಡ್‌ಗೆ ಹೇಳುವ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಹಾಗಿದ್ದೂ ಇವನ್ನು ಇಟ್ಟುಕೊಂಡವರಲ್ಲಿ ಎಷ್ಟೋ ಜನ ವೆಲ್ಡರ್‌ಗಳು, ಲಾರಿ ಡ್ರೈವರ್‌ಗಳು, ಮೇಷ್ಟ್ರುಗಳು. ಇವರಿಗೆಲ್ಲ ದುಡ್ಡು ಎಲ್ಲಿಂದ ಬರುತ್ತದೆ? ಸಾಲ ಮಾಡುತ್ತಾರಾ? ನನ್ನ ಹತ್ತಿರ ಒಂದು ಗಾಡಿ ನಿಲ್ಲುವಷ್ಟು ಗ್ಯಾರೇಜ್ ಇದೆ, ಸ್ಪ್ಯಾನರ್ ಹಿಡಿಯಲು ಬರುತ್ತದೆ, ವೆಲ್ಡಿಂಗ್ ಬರುವುದಿಲ್ಲ. ತಿಂಗಳಿಗೆ ಸ್ವಲ್ಪ ದುಡ್ಡು ಎತ್ತಿಡಬಹುದು, ಅಷ್ಟೇ. ಎಲ್ಲಿಂದ ಶುರು ಮಾಡಲಿ?

ಗ್ರೀಸ್‌ಕೈ:
ಒಂದೇ ಸಲ ಅಷ್ಟು ದುಡ್ಡು ಸುರಿಯುವವರು ತುಂಬಾ ಕಡಿಮೆ ಸರ್. ನಾನು ನನ್ನ ಮಾಡೆಲ್ ಎ ಕಟ್ಟಲು 9 ವರ್ಷ ತೆಗೆದುಕೊಂಡೆ. ಒಟ್ಟು ಖರ್ಚು ನೋಡಿದರೆ ದೊಡ್ಡದೇ, ಆದರೆ 9 ವರ್ಷಕ್ಕೆ ಹಂಚಿದರೆ ಬೇರೆಯವರು ಕ್ಯಾಮೆರಾಗೋ ಪ್ರವಾಸಕ್ಕೋ ಹಾಕುವಷ್ಟೇ ಆಗುತ್ತದೆ. ಒಂದು ವರ್ಷ ಬರೀ ಚಾಸಿಸ್, ಮುಂದಿನ ವರ್ಷ ಬ್ರೇಕು, ಎರಡು ವರ್ಷ ಏನೂ ಇಲ್ಲ. ಆಗ ಮಗುವಾಗಿತ್ತು.

ಈ ಹವ್ಯಾಸ ಹುಟ್ಟಿದ್ದೇ ಜೇಬಲ್ಲಿ ದುಡ್ಡಿಲ್ಲದ ಹುಡುಗರಿಂದ, ಅದನ್ನು ಮರೆಯಬಾರದು. 1908ರಿಂದ 1927ರವರೆಗೆ ಫೋರ್ಡ್ ಸುಮಾರು 1.5 ಕೋಟಿ ಮಾಡೆಲ್ ಟಿ ಮಾಡಿತು. ಅವೆಲ್ಲ ಹಳತಾದಾಗ ಗುಜರಿಯಲ್ಲಿ ಬಿದ್ದಿದ್ದವು. 1932ರಲ್ಲಿ ಅದೇ ಫೋರ್ಡ್ ಸಾಮಾನ್ಯರ ಕಾರಿಗೂ ಎಂಟು ಸಿಲಿಂಡರ್‌ನ ವಿ8 ಎಂಜಿನ್ ಹಾಕಿತು, ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಆ ಕಾರುಗಳೂ ಹಳತಾಗಿ ಅಗ್ಗವಾಗಿದ್ದವು, ಯುದ್ಧದಿಂದ ವಾಪಸ್ ಬಂದ ಹುಡುಗರಲ್ಲಿ ಬಹಳಷ್ಟು ಜನ ಎಂಜಿನ್ ಕೆಲಸ ಕಲಿತು ಬಂದಿದ್ದರು. ಕ್ಯಾಲಿಫೋರ್ನಿಯಾದ ಒಣಕೆರೆ ಅಂಗಳಗಳಲ್ಲಿ, ಮ್ಯೂರಾಕ್, ಎಲ್ ಮಿರಾಜ್‌ನಂಥ ಕಡೆ, ಓಡಿಸಲು ಮಡ್‌ಗಾರ್ಡ್ ಬಿಚ್ಚಿ ಎಸೆದದ್ದು ತೂಕ ಇಳಿಸಲು, ಚೆಂದಕ್ಕಲ್ಲ. 1939ರ ಫೋರ್ಡ್‌ಗೆ ಹೈಡ್ರಾಲಿಕ್ ಬ್ರೇಕ್ ಬಂದ ಮೇಲೆ ಅದನ್ನೇ ಬಿಚ್ಚಿ ತಂದು ಹಳೇ ಗಾಡಿಗೆ ಹಾಕಿದರು. ಒಂದರ ಭಾಗ ಇನ್ನೊಂದಕ್ಕೆ ಹೊಂದಿಸುವುದೇ ಈ ಕಲೆ.

ನನಗೆ ಉಳಿತಾಯ ಆದದ್ದು ಎರಡು ಕಡೆ. ಎಲ್ಲರೂ ಎರಡು ಬಾಗಿಲಿನ ಕೂಪ್, ತೆರೆದ ಮೇಲ್ಭಾಗದ ರೋಡ್‌ಸ್ಟರ್ ಹಿಂದೆ ಬೀಳುತ್ತಾರೆ, ನಾನು ನಾಲ್ಕು ಬಾಗಿಲಿನ ಸೆಡಾನ್ ತೆಗೆದುಕೊಂಡೆ. ಅದೂ ಯಾರೋ ಅರ್ಧಕ್ಕೆ ಬಿಟ್ಟದ್ದು, ಡಬ್ಬಗಟ್ಟಲೆ ಪಾರ್ಟ್ಸ್ ಸಮೇತ ಬಂತು. ಇನ್ನೊಂದು, ನಾವು ಬೇಡ ಅಂತ ಬಿಚ್ಚಿ ಹಾಕುವುದೇ ಗಾಡಿಯನ್ನು ಮೂಲ ಸ್ಥಿತಿಗೆ ತರುವವರಿಗೆ ಬೇಕಾಗಿರುತ್ತದೆ. ಮಡ್‌ಗಾರ್ಡ್, ಹಳೇ ನಾಲ್ಕು ಸಿಲಿಂಡರ್ ಎಂಜಿನ್, ರೇಡಿಯೇಟರ್ ಎಲ್ಲ ಮಾರಿದೆ. ಚಾಸಿಸ್ ಕೆಲಸದ ಖರ್ಚು ಬಹುತೇಕ ಅದರಲ್ಲೇ ಹೋಯಿತು.

ಬಣ್ಣದಬೆಲೆ:
ಗ್ರೀಸ್‌ಕೈ ಹೇಳಿದ್ದು ಸರಿ, ಆದರೆ ನಾನು ಬೇರೆ ಮಾತು ಹೇಳುತ್ತೇನೆ. ಕಟ್ಟುವುದರಲ್ಲೇ ನಿಮಗೆ ಖುಷಿ ಇಲ್ಲ, ಓಡಿಸಬೇಕು ಅಷ್ಟೇ ಅನ್ನುವುದಾದರೆ ಯಾರೋ ಮುಗಿಸಿದ ಗಾಡಿ ಕೊಳ್ಳಿ. ಕಟ್ಟಿದವರು ಹಾಕಿದ ದುಡ್ಡು ಮಾರುವಾಗ ಪೂರ್ತಿ ವಾಪಸ್ ಬರುವುದು ಅಪರೂಪ. ಅವರ ವರ್ಷಗಟ್ಟಲೆ ದುಡಿಮೆಗಂತೂ ಬೆಲೆಯೇ ಸಿಗುವುದಿಲ್ಲ.

ನನ್ನ ಕೈ ಸುಟ್ಟದ್ದು ಎಂಜಿನ್‌ನಲ್ಲಲ್ಲ, ಟಿಂಕರಿಂಗ್ ಮತ್ತು ಪೇಂಟಿಂಗ್‌ನಲ್ಲಿ. ಹೊರಗಿಂದ ಚೆನ್ನಾಗಿ ಕಂಡ ಬಾಗಿಲಿನ ಪುಟ್ಟಿ ಕೆರೆದರೆ ಒಳಗೆ ಪೂರ್ತಿ ತುಕ್ಕು. ಒಂದು ವರ್ಕ್‌ಶಾಪ್‌ಗೆ ಅರ್ಧ ದುಡ್ಡು ಮುಂಗಡ ಕೊಟ್ಟೆ, ಗಾಡಿ ಅಲ್ಲೇ ಎರಡು ವರ್ಷ ಧೂಳು ತಿಂದಿತು. ಪೇಂಟಿಂಗ್‌ನಲ್ಲಿ ಬಣ್ಣದ ಖರ್ಚಿಗಿಂತ ಕೂಲಿ ಜಾಸ್ತಿ, ಉಜ್ಜುವುದು, ತಟ್ಟಿ ನೇರ ಮಾಡುವುದು, ಮತ್ತೆ ಉಜ್ಜುವುದು, ನೂರಾರು ಗಂಟೆ ಹೋಗುತ್ತದೆ. ಆ ಗಂಟೆಗಳನ್ನು ನೀವೇ ಹಾಕಿದರೆ ಖರ್ಚು ನಿಜವಾಗಿ ಇಳಿಯುತ್ತದೆ. ಬಣ್ಣದ ಕೆಳಗೆ ಬಳಿಯುವ ಪ್ರೈಮರ್‌ನಲ್ಲೇ ಗಾಡಿ ಓಡಿಸಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಮಾಮೂಲಿ ಪ್ರೈಮರ್ ನೀರು ಹೀರುತ್ತದೆ, ಮಳೆಯಲ್ಲಿ ನಿಲ್ಲಿಸಬೇಡಿ, ಹಾಕುವುದಾದರೆ ಎಪಾಕ್ಸಿ ಪ್ರೈಮರ್ ಹಾಕಿ.

ಫ್ಲಾಟ್‌ಹೆಡ್_ಮನೆ:
ಎಂಜಿನ್ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ, ಅಲ್ಲೇ ಅರ್ಧ ಬಜೆಟ್ ನಿರ್ಧಾರವಾಗುವುದು. ಫೋರ್ಡ್‌ನ ಆ ಹಳೇ ವಿ8ಗೆ ಫ್ಲಾಟ್‌ಹೆಡ್ ಅಂತಾರೆ, ಅದರ ಶಬ್ದಕ್ಕೆ ಸಾಟಿ ಇಲ್ಲ, ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ. ಆದರೆ ಅದರಲ್ಲಿ ಎಕ್ಸಾಸ್ಟ್ ದಾರಿ ಎಂಜಿನ್ನಿನ ಮುಖ್ಯ ಎರಕದ ಭಾಗವಾದ ಬ್ಲಾಕ್ ಒಳಗೇ ಹಾಯ್ದು ಹೋಗುತ್ತದೆ, ಹಾಗಾಗಿ ಬ್ಲಾಕ್ ಬೇಗ ಕಾಯುತ್ತದೆ, ಬಿರುಕು ಬಿಡುತ್ತದೆ. ಬಿರುಕಿಲ್ಲದ ಬ್ಲಾಕ್ ಹುಡುಕುವುದೇ ಕಷ್ಟ. ಮೆಷಿನಿಂಗ್ ಮಾಡಿಸುವ ಮೊದಲೇ ಬಿರುಕು ಪರೀಕ್ಷೆ ಮಾಡಿಸಿ, ಇಲ್ಲದಿದ್ದರೆ ಹಾಕಿದ ದುಡ್ಡು ನೀರಲ್ಲಿ ಹೋಮ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಷೆವರ್ಲೆ ಕಂಪನಿಯ ಸ್ಮಾಲ್ ಬ್ಲಾಕ್ ವಿ8 ಎಂಜಿನ್ ಹಾಕಿ. 1955ರಲ್ಲಿ 265 ಘನ ಇಂಚಿನದಾಗಿ ಬಂತು, 1967ರಲ್ಲಿ 350 ಬಂತು, ದಶಕಗಟ್ಟಲೆ ಕೋಟಿಗಟ್ಟಲೆ ಸಂಖ್ಯೆಯಲ್ಲಿ ತಯಾರಾದದ್ದರಿಂದ ಪಾರ್ಟ್ಸ್ ಅಗ್ಗ. ಈಗ ಜನ ಗುಜರಿ ಸೇರಿದ ಪಿಕಪ್‌ಗಳ 5.3 ಲೀಟರ್ ಎಲ್ಎಸ್ ಮಾದರಿಯ (ಸ್ಮಾಲ್ ಬ್ಲಾಕ್‌ನ ಹೊಸ ಪೀಳಿಗೆ) ಎಂಜಿನ್ ಕೂಡ ಎತ್ತಿಕೊಂಡು ಬರುತ್ತಾರೆ. ಎಂಜಿನ್ ಅಗ್ಗವೇ, ಆದರೆ ಅದಕ್ಕೆ ವೈರಿಂಗ್, ಕಂಪ್ಯೂಟರ್, ಜಾಸ್ತಿ ಒತ್ತಡದ ಫ್ಯುಯೆಲ್ ಪಂಪ್ ಎಲ್ಲ ಬೇಕು. ಅದನ್ನೂ ಕೂಡಿಸಿ ಲೆಕ್ಕ ಹಾಕಿ.

ಬ್ರೇಕು, ಸ್ಟೀರಿಂಗ್, ಟೈರು, ಈ ಮೂರರಲ್ಲಿ ಮಾತ್ರ ಒಂದು ಪೈಸೆ ಉಳಿಸಲು ಹೋಗಬೇಡಿ, ದಯವಿಟ್ಟು. ಟೈರ್ ಹೊಳೆಯುತ್ತಿದೆ ಅಂತ ಮೋಸ ಹೋಗಬೇಡಿ. ಪಕ್ಕದಲ್ಲಿ DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ, 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ಸದಾ ಶೆಡ್‌ನಲ್ಲೇ ನಿಲ್ಲುವ ಗಾಡಿಗಳಲ್ಲಿ ಟೈರ್ ಸವೆಯುವ ಮೊದಲೇ ವಯಸ್ಸಾಗಿ ಒಡೆಯುತ್ತದೆ.

ಹಳೇಚಕ್ರ:
ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಅರ್ಧಕ್ಕೆ ನಿಂತ ಸೆಡಾನ್ ಹುಡುಕುವುದು ಅಂತ ತೀರ್ಮಾನ ಮಾಡಿದೆ, ನನಗೆ ಕಟ್ಟುವುದೂ ಬೇಕು. ಗ್ರೀಸ್‌ಕೈ ಸರ್, ವೆಲ್ಡಿಂಗ್ ಏನು ಮಾಡಿದಿರಿ? ಹಳೇ ಎಂಜಿನ್ ಮಾರಿದಿರಲ್ಲ, ಅದರಲ್ಲಿ ಏನಾದರೂ ನೋಡಿಕೊಳ್ಳಬೇಕಾ?

ಗ್ರೀಸ್‌ಕೈ:
ಒಳ್ಳೆಯ ಪ್ರಶ್ನೆ ಕೇಳಿದಿರಿ. ಮಾಡೆಲ್ ಎ ಗಾಡಿಗಳಲ್ಲಿ ಎಂಜಿನ್ ನಂಬರೇ ಗಾಡಿಯ ನಂಬರ್. ಅದೇ ನಂಬರನ್ನು ಚಾಸಿಸ್‌ನ ಎಡಗಡೆ ರೈಲ್ (ಉದ್ದನೆಯ ಕಂಬಿ) ಮೇಲೂ ಒತ್ತಿರುತ್ತಾರೆ, ಆದರೆ ಅದು ಬಾಡಿ ಕೆಳಗೆ ಮುಚ್ಚಿರುತ್ತದೆ. ಕಾಗದದಲ್ಲಿ ಎಂಜಿನ್ ನಂಬರ್ ಇದ್ದು ನೀವು ಎಂಜಿನ್ ಮಾರಿಬಿಟ್ಟರೆ ಆಮೇಲೆ ತಾಪತ್ರಯ. ಮೊದಲು ಬಾಡಿ ಎತ್ತಿ, ಚಾಸಿಸ್ ನಂಬರ್ ಉಜ್ಜಿ ನೋಡಿ, ಕಾಗದಕ್ಕೆ ತಾಳೆಯಾಗುತ್ತದಾ ಅಂತ ಖಚಿತ ಮಾಡಿಕೊಂಡು ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಎಂಜಿನ್ ಮಾರುವ ಮಾತು. ಕೊಳ್ಳುವಾಗ ಕಾಗದ ಇಲ್ಲ ಅಂದರೆ ಗಾಡಿ ಎಷ್ಟೇ ಅಗ್ಗವಿರಲಿ, ಬಿಟ್ಟು ಬನ್ನಿ.

ವೆಲ್ಡಿಂಗ್ ಮುಯ್ಯಾಳು ಲೆಕ್ಕದಲ್ಲಿ ಆಯಿತು. ನನಗೆ ವೈರಿಂಗ್ ಚೆನ್ನಾಗಿ ಬರುತ್ತದೆ, ಒಬ್ಬ ಸ್ನೇಹಿತನಿಗೆ ವೆಲ್ಡಿಂಗ್ ಬರುತ್ತದೆ. ನಾನು ಅವನ ಗಾಡಿಯ ಪೂರ್ತಿ ವೈರಿಂಗ್ ಮಾಡಿದೆ, ಅವನು ನನ್ನ ಚಾಸಿಸ್ ಬೆಸೆದುಕೊಟ್ಟ. ಚಿಕ್ಕಪುಟ್ಟ ತಗಡಿನ ಕೆಲಸ ಮಾತ್ರ ಆಮೇಲೆ ನಾನೇ ಕಲಿತೆ, ಹಳೇ ತಗಡಿನ ತುಂಡುಗಳ ಮೇಲೆ ಆರು ತಿಂಗಳು ಅಭ್ಯಾಸ ಮಾಡಿ. ಸ್ಟೀರಿಂಗ್, ಸಸ್ಪೆನ್ಷನ್ ಹತ್ತಿರ ಇವತ್ತಿಗೂ ನನ್ನ ವೆಲ್ಡಿಂಗ್ ಹಾಕುವುದಿಲ್ಲ, ಅದಕ್ಕೆ ಅವನನ್ನೇ ಕರೆಯುತ್ತೇನೆ. ಸೆಡಾನ್ ಸಿಕ್ಕಿದರೆ ಕೊಳ್ಳುವ ಮೊದಲು ಬಾಗಿಲಿನ ಕೆಳಭಾಗ, ನೆಲ, ಒಳಗಿನ ಮರದ ಪಟ್ಟಿಗಳ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.